ಅರರಾತ್ ಹತ್ತಿದ ಆರು ಜನ

ಇಂದಿನ ಟರ್ಕಿಯಲ್ಲಿರುವ ಅರರಾತ್ ಬೆಟ್ಟದಲ್ಲೇ ನೋಹನ ನಾವೆ ನಿಂತಿತು ಅಂತ ನಂಬಿಕೆ. ಅದನ್ನ ಮೊದಲು ಹತ್ತಿದ್ದು ಪ್ರೊಫೆಸರ್ ಪ್ಯಾರಟ್ ಅಂತ ಬರೀತಾರೆ. ನಿಜ, ಆದರೆ ಆರರಲ್ಲಿ ಒಂದು ಪಾಲು ನಿಜ.

1829. ಡೋರ್ಪಾಟ್ ವಿಶ್ವವಿದ್ಯಾಲಯದ ಈ ಭೌತವಿಜ್ಞಾನಿ ಎತ್ತರ ಅಳೆಯೋಕೆ ಬಾರೋಮೀಟರ್ ಹಿಡಿದು ಬಂದ. ಆ ತುದಿಗೆ ಮನುಷ್ಯ ಕಾಲಿಡಕೂಡದು ಅನ್ನೋದು ಅರ್ಮೇನಿಯನ್ ಚರ್ಚಿನ ನಂಬಿಕೆ. (ಎಲ್ಲಿ ಕಾಲಿಡಬಾರದು ಅನ್ನೋ ಪಟ್ಟಿ ನಮಗೇನು ಹೊಸದಾ?) ಎರಡು ಸಲ ಸೋತು, ಅಕ್ಟೋಬರ್ 9ರಂದು ತುದಿ ಮುಟ್ಟಿದವರು ಪ್ಯಾರಟ್, ತರುಣ ಖಚತೂರ್ ಅಬೋವ್ಯಾನ್, ರಷ್ಯನ್ ಸಿಪಾಯಿಗಳಾದ ಜ್ದೊರೊವೆಂಕೊ ಮತ್ತು ಚಲ್ಪಾನೊವ್, ಬೆಟ್ಟದ ಬುಡದ ಅಖುರಿ ಹಳ್ಳಿಯ ಹೊವ್ಹಾನ್ನೆಸ್ ಐವಜ್ಯಾನ್ ಮತ್ತು ಮುರಾದ್ ಪೊಗೊಸ್ಯಾನ್.

ಪ್ರೊಫೆಸರ್ ಮಾತನ್ನೇ ಬಹಳ ಜನ ನಂಬಲಿಲ್ಲ, ಇನ್ನು ಹಳ್ಳಿಗರ ಮಾತು ಯಾರು ಕೇಳ್ತಾರೆ?

ಅಬೋವ್ಯಾನ್ ಮುಂದೆ ಪ್ಯಾರಟ್ ನೆರವಿಂದ ಡೋರ್ಪಾಟಲ್ಲಿ ಓದಿದ. ಚರ್ಚಿನ ಹಳೇ ಗ್ರಂಥಭಾಷೆ ಬಿಟ್ಟು ಜನರ ಆಡುಮಾತಲ್ಲೇ ಕಾದಂಬರಿ ಬರೆದ. ನನಗಂತೂ ಇದು ಬೆಟ್ಟಕ್ಕಿಂತ ಎತ್ತರ.

ಅಖುರಿ? 1840ರ ಭೂಕಂಪದಲ್ಲಿ ಬೆಟ್ಟವೇ ಜಾರಿ ಬಂದು ಹಳ್ಳಿಯನ್ನ ಹೂತುಹಾಕಿತು.

ಒಮ್ಮೆ ಜೋರಾಗಿ ಓದಿ: ಐವಜ್ಯಾನ್. ಪೊಗೊಸ್ಯಾನ್.