ಬಳ್ಳಾರಿಯ ಅಂಚೆ ವಿಮಾನ ಇಳಿದಾಣ

ಟಾಟಾ ಸಂಸ್ಥೆಯ ಕರಾಚಿ–ಮದ್ರಾಸ್ ಅಂಚೆ ವಿಮಾನ ಮಾರ್ಗದ ತಂಗುದಾಣ. ಬಳ್ಳಾರಿ ಆಗ ಮದ್ರಾಸ್ ಪ್ರಾಂತದಲ್ಲಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಯ ಜುಹುವಿಗೆ ಅಂಚೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಒಂಟಿ ಎಂಜಿನ್ನಿನ ಪಸ್ ಮಾತ್ ವಿಮಾನದಲ್ಲಿ ಬಳ್ಳಾರಿಗೆ ಹಾರಿ, ರಾತ್ರಿ ತಂಗಿ, ಮರುದಿನ ಮದ್ರಾಸ್ ಮುಟ್ಟಿದರು. ಈ ಸೇವೆಯ ಯೋಜನೆಯೇ ವಿನ್ಸೆಂಟರದು.

ವಿಮಾನದಲ್ಲಿ ರೇಡಿಯೊ ಇರಲಿಲ್ಲ. ಹೊಳೆ, ಗುಡ್ಡ, ರೈಲು ಹಳಿ ನೋಡಿಕೊಂಡೇ ದಾರಿ ಹಿಡಿಯಬೇಕಿತ್ತು. ಇಂಥ ಹಾರಾಟದಲ್ಲಿ ಇಳಿಯುವ ನೆಲದ ಗುಣವೇ ಮುಖ್ಯ. ಉದಾಹರಣೆಗೆ, ಧಾರವಾಡ ಜಿಲ್ಲೆಯ ಸಂಶಿ, ಕುಂದಗೋಳ, ನವಲಗುಂದ ಸೀಮೆಯ ಎರೆಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ; ಮಳೆ ಬಿದ್ದರೆ ಉಬ್ಬಿ ಚಕ್ಕಡಿಯ ಗಾಲಿಗೂ ಮೆತ್ತಿಕೊಳ್ಳುತ್ತದೆ. ವಿಮಾನದ ಸಣ್ಣ ಗಾಲಿ ಅದರಲ್ಲಿ ಹೂತರೆ ಮೂಗು ನೆಲಕ್ಕೆ ಬಡಿದು ಮಗುಚುವ ಅಪಾಯ. ಗರಸು ಹಾಸಿ ರೋಲರ್ ಹೊಡೆಸದ ಎರೆಹೊಲ ಮಳೆಗಾಲದಲ್ಲಿ ಇಳಿಯಲು ತಕ್ಕುದಲ್ಲ.

ಈಗ ಆ ಎರೆಸೀಮೆಯ ಸಂಶಿಗೆ ಹತ್ತಿರದ್ದು ಹುಬ್ಬಳ್ಳಿ ವಿಮಾನ ನಿಲ್ದಾಣ. ಬಳ್ಳಾರಿಯ ಕಡೆಗೆ, ಕೊಪ್ಪಳದ ಬಳಿಯ ಗಿಣಿಗೇರಾದಲ್ಲೂ ತೋರಣಗಲ್ಲಿನ ವಿದ್ಯಾನಗರದಲ್ಲೂ ಕೈಗಾರಿಕೆಗಳು ಕಟ್ಟಿಸಿದ ರನ್‌ವೇಗಳಿವೆ.