ಅಂಚೆ ಚೀಟಿ ಮನೆಯ ಪ್ರಿಂಟರ್‌ಗೆ ಬಂದ ಕಥೆ

ಇವತ್ತಿನ ಸಂಚಿಕೆ ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಮನೆಯ ಪ್ರಿಂಟರ್‌ನಲ್ಲಿ ನೂರು ರೂಪಾಯಿ ನೋಟು ಅಚ್ಚು ಹಾಕಿದ್ರೆ ಪೊಲೀಸರು ಬಾಗಿಲಿಗೆ ಬರ್ತಾರೆ. ಆದರೆ ಅಮೆರಿಕದಲ್ಲಿ 1999ರಿಂದ ಸಣ್ಣ ಅಂಗಡಿಯವರು, ಮನೆಯಲ್ಲೇ ಆಫೀಸು ಇಟ್ಟುಕೊಂಡವರು ತಮ್ಮ ಪ್ರಿಂಟರ್‌ನಲ್ಲೇ ಅಂಚೆ ವೆಚ್ಚದ ಚೀಟಿ ಅಚ್ಚು ಹಾಕಿಕೊಳ್ತಿದ್ದಾರೆ, ಅದೂ ಸರ್ಕಾರದ ಅಂಚೆ ಇಲಾಖೆಯ ಒಪ್ಪಿಗೆಯಿಂದ. ಅಂಚೆ ಚೀಟಿಯೂ ಒಂದು ಲೆಕ್ಕದಲ್ಲಿ ದುಡ್ಡೇ ಅಲ್ವಾ? ಹಾಗಿದ್ರೆ ಈ ಧೈರ್ಯ ಎಲ್ಲಿಂದ ಬಂತು?

ಉತ್ತರಕ್ಕೆ ಇಂಗ್ಲೆಂಡಿಗೆ ಹೋಗಬೇಕು. 1840ಕ್ಕೆ ಮೊದಲು ಅಲ್ಲಿ ಕಾಗದ ಬಂದವರೇ ಸಾಮಾನ್ಯವಾಗಿ ದುಡ್ಡು ಕೊಡಬೇಕಿತ್ತು. ಎಷ್ಟು ದೂರ, ಎಷ್ಟು ಹಾಳೆ ಅಂತ ಲೆಕ್ಕ. ಬೇಡ ಅಂದ್ರೆ ಕಾಗದ ವಾಪಸ್, ಅಂಚೆಯವರಿಗೆ ನಷ್ಟ. 1837ರಲ್ಲಿ ರೋಲೆಂಡ್ ಹಿಲ್ ಒಂದು ಸಲಹೆ ಕೊಟ್ಟರು: ದೇಶದಲ್ಲಿ ಎಲ್ಲಿಗೆ ಹೋದರೂ ಒಂದೇ ದರ ಇರಲಿ, ಕಳಿಸುವವರೇ ಮುಂಗಡ ಕೊಡಲಿ. ಹೀಗೆ 1840ರ ಮೇ ತಿಂಗಳಲ್ಲಿ ಬಂದದ್ದೇ ಪೆನ್ನಿ ಬ್ಲ್ಯಾಕ್, ಜಗತ್ತಿನ ಮೊದಲ ಅಂಟಿಸುವ ಅಂಚೆ ಚೀಟಿ.

ಬಿಕಾಂ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಮುಂಗಡವಾಗಿ ಬಂದ ದುಡ್ಡು ಇನ್ನೂ ಆದಾಯ ಅಲ್ಲ, ಅದು ಹೊಣೆಗಾರಿಕೆ. ಚೀಟಿ ಮಾರಿದ ದಿನವೇ ಅಂಚೆ ಇಲಾಖೆ ಒಂದು ಮಾತು ಕೊಟ್ಟ ಹಾಗೆ. ಯಾರೋ ನಕಲಿ ಚೀಟಿ ಮಾಡಿದ್ರೆ, ದುಡ್ಡೇ ಬಾರದ ಮಾತನ್ನು ಇಲಾಖೆ ನಡೆಸಿಕೊಡಬೇಕು. ಈ ಭಯ ಮೊದಲ ದಿನದಿಂದಲೂ ಇತ್ತು. ಪೆನ್ನಿ ಬ್ಲ್ಯಾಕ್‌ಗೆ ಹಾಕ್ತಿದ್ದ ಕೆಂಪು ಮುದ್ರೆಯನ್ನು ಅಳಿಸಿ ಮತ್ತೆ ಬಳಸಬಹುದಿತ್ತು. ಅದಕ್ಕೇ 1841ರಲ್ಲಿ ಚೀಟಿಯ ಬಣ್ಣವನ್ನೇ ಕೆಂಪು ಮಾಡಿ, ಮುದ್ರೆಯನ್ನು ಕಪ್ಪು ಮಾಡಿದರು.

ಚೀಟಿ ನಿಜವಾಗಿಯೂ ದುಡ್ಡು ಅನ್ನೋದು ಅಮೆರಿಕದ ಅಂತರ್ಯುದ್ಧದಲ್ಲಿ ಎಲ್ಲರಿಗೂ ಕಾಣಿಸಿತು. 1861ರಲ್ಲಿ ದಕ್ಷಿಣದ ರಾಜ್ಯಗಳು ಬೇರೆಯಾದಾಗ ಅಲ್ಲಿನ ಅಂಚೆ ಕಚೇರಿಗಳಲ್ಲಿ ಚೀಟಿಗಳ ದಾಸ್ತಾನು ಉಳಿದಿತ್ತು. ಅವನ್ನು ಉತ್ತರದಲ್ಲಿ ಮಾರಿ ದುಡ್ಡು ಮಾಡಬಹುದು ಅಂತ ಸರ್ಕಾರ ಹಳೇ ಚೀಟಿಗಳನ್ನೇ ರದ್ದು ಮಾಡಿ ಹೊಸ ವಿನ್ಯಾಸ ತಂದಿತು. ಒಂಥರಾ ನೋಟು ರದ್ದತಿಯೇ! ಮರುವರ್ಷ ಚಿಲ್ಲರೆ ನಾಣ್ಯ ಸಿಗದೆ ಜನ ಅಂಚೆ ಚೀಟಿಯನ್ನೇ ಚಿಲ್ಲರೆಯಾಗಿ ಕೊಡೋಕೆ ಶುರು ಮಾಡಿದರು. ಕೊನೆಗೆ ಸರ್ಕಾರವೇ ಚೀಟಿಯ ಚಿತ್ರ ಇರುವ ಸಣ್ಣ ನೋಟುಗಳನ್ನು ಹೊರಡಿಸಿತು.

ವ್ಯಾಪಾರಿಗಳಿಗೆ ಇನ್ನೊಂದು ತಲೆನೋವು ಇತ್ತು. ಆಫೀಸಿನ ಡ್ರಾಯರ್‌ನಲ್ಲಿಟ್ಟ ಚೀಟಿಗಳು ಕಾಣೆಯಾಗ್ತಿದ್ದವು. ಅದಕ್ಕೆ ಇಂಗ್ಲೆಂಡಿನ ಕಂಪನಿಗಳು 1868ರಿಂದ ಅಂಚೆ ಇಲಾಖೆಯ ಒಪ್ಪಿಗೆ ಪಡೆದು ಚೀಟಿಯ ಮೇಲೆ ಸಣ್ಣ ರಂಧ್ರಗಳಲ್ಲಿ ತಮ್ಮ ಹೆಸರಿನ ಅಕ್ಷರ ಕೊರೆಸಿದವು. ಕದ್ದರೂ ಮಾರೋಕೆ ಆಗಬಾರದು ಅಂತ.

ಮುಂದಿನ ಹೆಜ್ಜೆ ಇಟ್ಟವರು ಶಿಕಾಗೋದ ಆರ್ಥರ್ ಪಿಟ್ನಿ. 1902ರಲ್ಲಿ ಅವರು ಅಂಚೆ ಮುದ್ರೆ ಒತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಆದರೆ ಅಮೆರಿಕದ ಅಂಚೆ ಇಲಾಖೆಯಿಂದ ಅಂತಿಮ ಒಪ್ಪಿಗೆ ಸಿಕ್ಕಿದ್ದು ವಾಲ್ಟರ್ ಬೋವ್ಸ್ ಜೊತೆ ಕೈಜೋಡಿಸಿದ ಮೇಲೆ, 1920ರಲ್ಲಿ. ನಮ್ಮಲ್ಲಿ ಬ್ಯಾಂಕು, ವಿಮೆ ಕಾಗದಗಳ ಮೇಲೆ ಬರ್ತಿದ್ದ ಕೆಂಪು ಶಾಯಿಯ ಫ್ರಾಂಕಿಂಗ್ ಮುದ್ರೆ ಈ ಜಾತಿಯದ್ದೇ. ಆ ಯಂತ್ರದಲ್ಲಿ ಎರಡು ಲೆಕ್ಕ ಓಡ್ತವೆ: ಖರ್ಚಾದದ್ದು ಏರುತ್ತೆ, ಉಳಿದದ್ದು ಇಳಿಯುತ್ತೆ. ಬಾಕಿ ಮುಗಿದರೆ ಯಂತ್ರ ಲಾಕ್. ಆಗೆಲ್ಲ ಅದನ್ನು ಅಂಚೆ ಕಚೇರಿಗೆ ಒಯ್ದು, ದುಡ್ಡು ಕಟ್ಟಿ, ಮತ್ತೆ ಸೀಲ್ ಹಾಕಿಸಬೇಕಿತ್ತು. ಅಮೆರಿಕದಲ್ಲಿ ಈ ಯಂತ್ರವನ್ನು ಕೊಳ್ಳೋ ಹಾಗಿಲ್ಲ, ಬಾಡಿಗೆಗೆ ಮಾತ್ರ. ಅಂದ್ರೆ ಇಲಾಖೆ ನಂಬಿದ್ದು ವ್ಯಾಪಾರಿಯನ್ನಲ್ಲ, ಸೀಲ್ ಹಾಕಿದ ಪೆಟ್ಟಿಗೆಯನ್ನು. ದಿನಕ್ಕೆ ನಾಲ್ಕು ಕಾಗದ ಕಳಿಸುವವನಿಗೆ ಆ ಬಾಡಿಗೆ ಗಿಟ್ಟುತ್ತಿರಲಿಲ್ಲ. ಅವನಿಗೆ ಕ್ಯೂ ತಪ್ಪಲಿಲ್ಲ.

1999ರ ಆಗಸ್ಟ್‌ನಲ್ಲಿ ಅಮೆರಿಕದ ಅಂಚೆ ಸೇವೆ ಎರಡು ಕಂಪನಿಗಳಿಗೆ ಒಪ್ಪಿಗೆ ಕೊಟ್ಟಿತು: ಇ-ಸ್ಟಾಂಪ್ ಮತ್ತು ಸ್ಟಾಂಪ್ಸ್ ಡಾಟ್ ಕಾಮ್. ಇ-ಸ್ಟಾಂಪ್‌ನವರು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಸಾಧನದಲ್ಲಿ ಬಾಕಿ ದುಡ್ಡು ಇಟ್ಟರು. ಸ್ಟಾಂಪ್ಸ್ ಡಾಟ್ ಕಾಮ್ ಆ ಬಾಕಿಯನ್ನು ತನ್ನ ಸರ್ವರ್‌ನಲ್ಲಿ ಇಟ್ಟಿತು. ಅಚ್ಚಾಗೋದು ಚೌಕಟ್ಟಿನ ಒಂದು ಬಾರ್‌ಕೋಡ್. ಅದರೊಳಗೆ ಮೊತ್ತ, ದಿನಾಂಕ, ಕ್ರಮಸಂಖ್ಯೆ, ಜೊತೆಗೆ ಡಿಜಿಟಲ್ ಸಹಿ. ಸಹಿ ಇರೋದ್ರಿಂದ ಯಾರೂ ಮೊತ್ತ ತಿದ್ದೋಕೆ ಆಗಲ್ಲ. ಜೆರಾಕ್ಸ್ ಮಾಡಬಹುದು, ನಿಜ. ಆದರೆ ಪ್ರತಿ ಚೀಟಿಗೂ ಬೇರೆ ಸಂಖ್ಯೆ ಇರೋದ್ರಿಂದ, ಸ್ಕ್ಯಾನ್ ಮಾಡುವಾಗ ಅದೇ ಸಂಖ್ಯೆ ಎರಡನೇ ಸಲ ಬಂದರೆ ಗೊತ್ತಾಗುತ್ತೆ. ಕಾಗದ, ಬಣ್ಣ, ಕೆತ್ತನೆ ಯಾವುದಕ್ಕೂ ಈಗ ಬೆಲೆ ಇಲ್ಲ. ಬೆಲೆ ಇರೋದು ಸಂಖ್ಯೆಗೆ.

ಡಾಟ್‌ಕಾಮ್ ಗುಳ್ಳೆ ಒಡೆದಾಗ ಇ-ಸ್ಟಾಂಪ್ ಈ ವ್ಯಾಪಾರವನ್ನೇ ಬಿಟ್ಟಿತು. ಸ್ಟಾಂಪ್ಸ್ ಡಾಟ್ ಕಾಮ್ ತಿಂಗಳ ಚಂದಾ ಪಡೆಯುತ್ತಾ ಉಳಿಯಿತು. ಆನ್‌ಲೈನ್ ಮಾರಾಟ ಬೆಳೆದ ಹಾಗೆ ಕಾಗದಕ್ಕಿಂತ ಪಾರ್ಸೆಲ್ ಲೇಬಲ್ಲೇ ಮುಖ್ಯವಾಯ್ತು. 2021ರಲ್ಲಿ ಆ ಕಂಪನಿ ಸುಮಾರು 660 ಕೋಟಿ ಡಾಲರ್‌ಗೆ ಮಾರಾಟವಾಯ್ತು.

ಕರ್ನಾಟಕದವರಿಗೆ ಈ ಪಾಠ ಹೊಸದಲ್ಲ. ನಮ್ಮ ಖಾನಾಪುರದ ಕರೀಂ ಲಾಲಾ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ನೆನಪಿದೆಯಲ್ಲ? ಒಳ್ಳೆ ಕಾಗದ, ಒಳ್ಳೆ ಮುದ್ರಣ ಅಂತ ನಂಬಿದ್ದ ಪದ್ಧತಿ ಅಲ್ಲಿ ಕುಸಿಯಿತು. ಆಮೇಲೆ ಬಂದ ಇ-ಸ್ಟಾಂಪಿಂಗ್‌ನಲ್ಲೂ ನಂಬಿಕೆ ಕಾಗದದ್ದಲ್ಲ, ಆನ್‌ಲೈನ್‌ನಲ್ಲಿ ಪರೀಕ್ಷಿಸಬಹುದಾದ ಸಂಖ್ಯೆಯದ್ದು.

ಹಾಗಂತ ಸಂಖ್ಯೆ ಬಂದ ತಕ್ಷಣ ಎಲ್ಲ ಸರಿಹೋಯ್ತು ಅನ್ನೋ ಹಾಗಿಲ್ಲ. ಬ್ರಿಟನ್ನಿನಲ್ಲಿ ಮಾಮೂಲಿ ಚೀಟಿಗಳಿಗೂ ಬಾರ್‌ಕೋಡ್ ಬಂತು. ಸ್ಕ್ಯಾನರ್ ನಕಲಿ ಅಂದರೆ, ಕಾಗದ ಬಂದವರು 5 ಪೌಂಡ್ ಕಟ್ಟಬೇಕು ಅಂತ ರಾಯಲ್ ಮೇಲ್ ಕೇಳಿತು. ಅಂಚೆ ಕಚೇರಿಯಲ್ಲೇ ಕೊಂಡ ಅಸಲಿ ಚೀಟಿ ಅಂದವರ ದೂರುಗಳು ಬಂದವು. 2024ರಲ್ಲಿ ಆ ದಂಡವನ್ನು ತಡೆಹಿಡಿಯಬೇಕಾಯ್ತು. ನೋಡಿ, ಕಳಿಸಿದವರ ಲೆಕ್ಕವನ್ನು ಬಂದವರು ಕಟ್ಟೋದು. ರೋಲೆಂಡ್ ಹಿಲ್ ತೆಗೆಸಬೇಕು ಅಂದದ್ದು ಅದನ್ನೇ.

ಮನೆಯಲ್ಲೇ ಲೇಬಲ್ ಅಚ್ಚು ಹಾಕೋ ಉಪ್ಪಿನಕಾಯಿ ವ್ಯಾಪಾರಿಯಾಗಲಿ, ಸೀರೆ ಮಾರುವವರಾಗಲಿ ಯಾವ ಸೇವೆಯನ್ನಾದರೂ ಸೇರುವ ಮುಂಚೆ ಒಂದು ಮಾತು ಕೇಳಿ: ಯಂತ್ರ ತಪ್ಪು ಮಾಡಿದ್ರೆ ನಷ್ಟ ಯಾರ ತಲೆ ಮೇಲೆ? ದರದ ಪಟ್ಟಿಯನ್ನು ಆಮೇಲೆ ನೋಡಬಹುದು.