ಅಳಿವೆ ಬರೆದ ಊರು

ಶರಾವತಿ ಎಂದರೆ ಎಲ್ಲರಿಗೂ ಜೋಗ. ಬಿದ್ದ ನೀರು ಆಮೇಲೆ ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಅದು ಗೇರುಸೊಪ್ಪೆಯ ಬಳಿ ಘಟ್ಟದಿಂದ ಹೊರಬಿದ್ದು, ಮಾವಿನಕುರ್ವೆಯಂಥ ನಡುಗಡ್ಡೆಗಳನ್ನು ಬಳಸಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ನದಿ ಕಡಲು ಸೇರುವ ಈ ಬಾಯಿಯೇ ಅಳಿವೆ. ಹೊನ್ನಾವರದ ಚರಿತ್ರೆಯನ್ನು ಅರಸರಿಗಿಂತ ಹೆಚ್ಚಾಗಿ ಈ ಅಳಿವೆಯೇ ಬರೆದಿದೆ ಎಂಬುದು ನನ್ನ ಎಣಿಕೆ.

14ನೇ ಶತಮಾನದ ನಡುಭಾಗದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದ. ದೊಡ್ಡ ಹಡಗುಗಳು ಒಳಬರುವ ಹಿನ್ನೀರಿನ ದಂಡೆಯ ಊರು ಎಂದು ಬರೆದ. ಆಗ ಜಮಾಲುದ್ದೀನ ಎಂಬ ಸುಲ್ತಾನ ಇಲ್ಲಿ ಆಳುತ್ತಿದ್ದ. ಇಬ್ನ್ ಬತೂತ ಎಣಿಸಿಟ್ಟ ಇನ್ನೊಂದು ಲೆಕ್ಕವಿದೆ: ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23. ಇಲ್ಲಿನ ಹೆಂಗಸರಿಗೆ ಕುರಾನ್ ಬಾಯಿಪಾಠವಾಗಿರುವುದನ್ನೂ ಅವನು ಅಚ್ಚರಿಯಿಂದ ದಾಖಲಿಸಿದ್ದಾನೆ. ನಮ್ಮ ಊರುಗಳ ಚರಿತ್ರೆಯೆಂದರೆ ಕೋಟೆ, ಕತ್ತಿ, ಕಾಳಗ. ನನಗಂತೂ ಹೊನ್ನಾವರದ ಯಾವ ಕಾಳಗಕ್ಕಿಂತಲೂ ಆ ಹದಿಮೂರು ಶಾಲೆಗಳೇ ದೊಡ್ಡವು. ಹಡಗು ಬರುವ ಊರಿಗೆ ಸರಕಿನ ಜೊತೆ ಓದೂ ಬರುತ್ತದೆ.

ಸರಕೆಂದರೆ ಮುಖ್ಯವಾಗಿ ಮೆಣಸು. ಘಟ್ಟದ ಕಾಳುಮೆಣಸು ಗೇರುಸೊಪ್ಪೆಗೆ ಇಳಿದು, ದೋಣಿಯೇರಿ ಅಳಿವೆಗೆ ಬರುತ್ತಿತ್ತು. ಅರಬ್ಬರ ಕುದುರೆಗಳು ಇಲ್ಲಿಯೂ ಭಟ್ಕಳದಲ್ಲಿಯೂ ಇಳಿದು ವಿಜಯನಗರದತ್ತ ಹೋಗುತ್ತಿದ್ದವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಹಾಗೆ ಕರೆದವರೇ 1505ರಲ್ಲಿ ಹೊನ್ನಾವರದ ಹಡಗುಗಳಿಗೆ ಬೆಂಕಿಯಿಟ್ಟಿದ್ದರು! 1510ರಲ್ಲಿ ಅಲ್ಬುಕರ್ಕನಿಗೆ ಗೋವೆಯ ದಾರಿ ತೋರಿಸಿದ ತಿಮ್ಮಯ್ಯನೂ ಇದೇ ಅಳಿವೆಯ ನಾವಿಕ. ಮುಂದೆ ಕೆಳದಿಯವರು, ಹೈದರ್, ಟಿಪ್ಪು, ಇಂಗ್ಲಿಷರು ಸರದಿಯಲ್ಲಿ ಬಂದರು.

ಈಗ ಬಸ್ಸು, ರೈಲು ಎರಡೂ ಸೇತುವೆಯ ಮೇಲೆ ಹಾದು ನಿಮಿಷಗಳಲ್ಲಿ ಅಳಿವೆಯನ್ನು ದಾಟಿಬಿಡುತ್ತವೆ. ಗೇರುಸೊಪ್ಪೆಯಲ್ಲಿ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಕಾಡಿನ ನಡುವೆ ಉಳಿದಿದೆ.

ಅಳಿವೆಯ ದಕ್ಷಿಣಕ್ಕಿರುವ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಸಿಕ್ಕಿತು. ಪಕ್ಕದ ಟೊಂಕದಲ್ಲಿ ಖಾಸಗಿ ಬಂದರು ಕಟ್ಟಲು ಹೊರಟಾಗ ಮೀನುಗಾರರು ಎದ್ದು ನಿಂತರು. ಹಡಗಿನಿಂದಲೇ ಹುಟ್ಟಿದ ಊರು ಬಂದರನ್ನು ಬೇಡವೆನ್ನುವುದು ವಿಚಿತ್ರ ಅನ್ನಿಸಬಹುದು. ಆದರೆ ಹಳೆಯ ಬಂದರಿಗೆ ನದಿ ತಾನೇ ಮಾಡಿಕೊಟ್ಟ ಜಾಗ ಸಾಕಿತ್ತು. ಹೊಸದಕ್ಕೆ ಬೇಕಾಗಿರುವುದು ಹೆಂಗಸರು ಮೀನು ಒಣಗಿಸುವ, ಕಡಲಾಮೆ ಮೊಟ್ಟೆಯಿಡುವ ಮರಳು.